ಲೋಹದ ಮೈಮೇಲಿನ ಪೊರೆ

ನನ್ನ ಕೈಯಲ್ಲಿರುವುದು ಒಂದು ಅಲ್ಯೂಮಿನಿಯಂ ತಗಡು. ಅಲ್ಯೂಮಿನಿಯಂ ಮುಟ್ಟದವರು ಈ ಸಭೆಯಲ್ಲಿ ಯಾರೂ ಇರಲಾರರು ಎಂದು ನೀವು ಹೇಳಬಹುದು. ನನ್ನ ಪ್ರಕಾರ, ಮುಟ್ಟಿದವರೇ ಯಾರೂ ಇಲ್ಲ. ನಾನೂ ಮುಟ್ಟಿಲ್ಲ. ನಮ್ಮ ಬೆರಳಿಗೆ ತಾಗುವುದು ಅಲ್ಯೂಮಿನಿಯಂ ಆಕ್ಸೈಡ್. ಲೋಹ ಅದರ ಕೆಳಗಿದೆ.

ಈಗ ಒಂದು ಚೂಪು ಮೊಳೆಯಿಂದ ತಗಡಿನ ಮೇಲೆ ಗೆರೆ ಎಳೆಯುತ್ತೇನೆ. ನೋಡಿ, ಗೆರೆ ಹೊಳೆಯುತ್ತಿದೆ. ಹಾಗಾದರೆ ಈ ಗೆರೆಯಲ್ಲಾದರೂ ಬರೀ ಲೋಹ ಕಾಣುತ್ತಿದೆಯೇ? ಇಲ್ಲ. ಮೊಳೆ ಮುಂದೆ ಸರಿಯುತ್ತಿರುವಾಗಲೇ ಹಿಂದೆ ಆಕ್ಸೈಡ್ ಮುಚ್ಚಿಕೊಂಡು ಬಂದಿದೆ. ಅದರ ದಪ್ಪ 2ರಿಂದ 4 ನ್ಯಾನೋಮೀಟರ್. ಒಂದು ತಲೆಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ ಇರುತ್ತದೆ. ಈ ಪೊರೆಯನ್ನು ಮೇಲಿಂದ ಕೆಳಗೆ ಎಣಿಸಿದರೆ ಹತ್ತು ಹದಿನೈದು ಸಾಲು ಪರಮಾಣುಗಳು, ಅಷ್ಟೇ.

ಕನ್ನಡದಲ್ಲಿ 'ಪೊರೆ' ಅನ್ನುವ ಮಾತಿಗೆ ಎರಡು ಅರ್ಥ ಇದೆ. ತೆಳುವಾದ ಚರ್ಮ ಅಥವಾ ಪದರ ಎನ್ನುವುದು ಒಂದು. ಕಾಪಾಡು, ಸಾಕು ಎನ್ನುವುದು ಇನ್ನೊಂದು. ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ. ಅಲ್ಯೂಮಿನಿಯಂಗೆ ಆಕ್ಸಿಜನ್ ಮೇಲೆ ಎಷ್ಟು ಆಸೆ ಎಂದರೆ, ಕಬ್ಬಿಣದ ಆಕ್ಸೈಡಿನಿಂದ ಆಕ್ಸಿಜನ್ನನ್ನು ಕಿತ್ತುಕೊಂಡು ಕಬ್ಬಿಣವನ್ನು ಕರಗಿಸಿ ಹರಿಸುವಷ್ಟು ಶಾಖ ಕೊಡುತ್ತದೆ. ರೈಲು ಕಂಬಿ ಬೆಸೆಯಲು ಬಳಸುವ ಥರ್ಮೈಟ್ ಕೆಲಸ ಮಾಡುವುದು ಹೀಗೆ. ಅಂಥ ಲೋಹ ಗಾಳಿಯಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ, ಅಲ್ವಾ? 'ಆಕ್ಸೈಡ್ ಪದರ ಅದನ್ನು ಕಾಪಾಡುತ್ತದೆ' ಎಂದು ಶಾಲೆಯಲ್ಲಿ ಓದಿದ್ದೇವೆ. ಸರಿಯೇ. ಆದರೆ ಆ ಪದರ ಬೆಳೆಯುತ್ತಾ ಬೆಳೆಯುತ್ತಾ 3 ನ್ಯಾನೋಮೀಟರ್ ಹತ್ತಿರ ಯಾಕೆ ನಿಂತುಬಿಡುತ್ತದೆ? 30ಕ್ಕೆ ಯಾಕೆ ಅಲ್ಲ, 300ಕ್ಕೆ ಯಾಕೆ ಅಲ್ಲ? ಈ ಪ್ರಶ್ನೆ ಹಿಡಿದು ಹೊರಟರೆ ತುಂಬಾ ದೂರ ಹೋಗಬಹುದು. ಇವತ್ತು ಹೋಗೋಣ.

ಮೊದಲ ಒಳ್ಳೆಯ ಪ್ರಯತ್ನ 1923ರದ್ದು. ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬ ಇಬ್ಬರು ಒಂದು ಸರಳ ಲೆಕ್ಕ ಹಾಕಿದರು. ಲೋಹ ಆಕ್ಸೈಡ್ ಆದಾಗ ಅದು ಹಿಡಿಯುವ ಜಾಗ ಮೊದಲಿಗಿಂತ ಜಾಸ್ತಿಯೋ ಕಡಿಮೆಯೋ? ಮೆಗ್ನೀಷಿಯಂಗೆ ಈ ಅನುಪಾತ 0.81. ಅಂದರೆ ಆಕ್ಸೈಡು ಲೋಹವನ್ನು ಪೂರ್ತಿ ಮುಚ್ಚುವಷ್ಟು ಆಗುವುದಿಲ್ಲ, ಬಿರುಕು ಉಳಿಯುತ್ತದೆ. ಅಲ್ಯೂಮಿನಿಯಂಗೆ 1.28. ಪೂರ್ತಿ ಮುಚ್ಚಿ ಸ್ವಲ್ಪ ಬಿಗಿಯಾಗಿಯೂ ಕೂರುತ್ತದೆ. ಕಬ್ಬಿಣದ ಕೆಂಪು ಆಕ್ಸೈಡಿಗೆ 2ಕ್ಕಿಂತ ಜಾಸ್ತಿ. ಜಾಗ ಸಾಲದೆ ಉಬ್ಬುತ್ತದೆ, ಚಕ್ಕೆ ಏಳುತ್ತದೆ.

ಈ ಲೆಕ್ಕ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ದಪ್ಪ ಪದರಕ್ಕೆ ಅದು ಉಪಯೋಗಕ್ಕೂ ಬರುತ್ತದೆ. ನಮ್ಮ ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದಿಲ್ಲ. ಬಿರುಕಿಲ್ಲದ ಪದರದ ಮೂಲಕವೂ ಪರಮಾಣುಗಳು ದಾಟಬಹುದು. ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿರುವುದಿಲ್ಲ: ಒಣ ಗಾಳಿಯಲ್ಲಿ, ಕೋಣೆಯ ತಾಪದಲ್ಲಿ ಕಬ್ಬಿಣದ ಆಕ್ಸೈಡು ಕೂಡ ಕೆಲವೇ ನ್ಯಾನೋಮೀಟರಿಗೆ ನಿಲ್ಲುತ್ತದೆ. ನಾವು ತುಕ್ಕು ಎನ್ನುವುದು ನೀರು ಸೇರಿದ ಮೇಲೆ ನಡೆಯುವ ಬೇರೆಯೇ ಕಥೆ. ನಿಕ್ಕಲ್, ಕ್ರೋಮಿಯಂ, ಟೈಟಾನಿಯಂ ಎಲ್ಲದರ ಪೊರೆಯೂ ಕೆಲವು ನ್ಯಾನೋಮೀಟರಿಗೇ ನಿಲ್ಲುತ್ತದೆ. ಲೋಹಗಳು ಬೇರೆ, ಆಕ್ಸೈಡುಗಳು ಬೇರೆ, ನಿಲ್ಲುವ ಜಾಗ ಮಾತ್ರ ಹತ್ತಿರ ಹತ್ತಿರ. ಹಾಗಿದ್ದರೆ ಕಾರಣವೂ ಎಲ್ಲಕ್ಕೂ ಸೇರಿದ್ದೇ ಇರಬೇಕು.

ಆ ಕಾರಣವನ್ನು 1949ರಲ್ಲಿ ಬರೆದು ತೋರಿಸಿದವರು ನಿಕೋಲಸ್ ಕಬ್ರೇರಾ ಮತ್ತು ನೆವಿಲ್ ಮಾಟ್. ಕಬ್ರೇರಾ ಸ್ಪೇನಿನವರು, ಮಾಟ್ ಆಗ ಬ್ರಿಸ್ಟಲ್‌ನಲ್ಲಿದ್ದರು. ಅವರ ವಾದವನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಈ ಭಾಷಣದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಲೋಹದ ಮೇಲೆ ಈಗಾಗಲೇ 1 ನ್ಯಾನೋಮೀಟರ್ ಆಕ್ಸೈಡ್ ಇದೆ ಎಂದುಕೊಳ್ಳಿ. ಅದರ ಹೊರಮೈ ಮೇಲೆ ಆಕ್ಸಿಜನ್ ಬಂದು ಕೂತಿದೆ. ಅದಕ್ಕೆ ಎಲೆಕ್ಟ್ರಾನ್ ಬೇಕು. ಎಲೆಕ್ಟ್ರಾನುಗಳು ಕೆಳಗೆ ಲೋಹದಲ್ಲಿವೆ. ನಡುವೆ ಇರುವ ಆಕ್ಸೈಡು ವಿದ್ಯುತ್ತನ್ನು ಹರಿಯಬಿಡದ ಗೋಡೆ. ಆದರೆ ಗೋಡೆ ಇಷ್ಟು ತೆಳುವಾಗಿದ್ದರೆ ಎಲೆಕ್ಟ್ರಾನ್ ಗೋಡೆ ಹತ್ತಬೇಕಿಲ್ಲ, ಒಳಗಿಂದಲೇ ಆಚೆ ಬದಿಗೆ ಹೋಗಿಬಿಡುತ್ತದೆ. ಕ್ವಾಂಟಂ ಸುರಂಗ ಎನ್ನುವುದು ಇದಕ್ಕೇ. ಹೀಗೆ ಎಲೆಕ್ಟ್ರಾನುಗಳು ಮೇಲೆ ಹೋಗಿ ಆಕ್ಸಿಜನ್ನನ್ನು ಋಣ ಅಯಾನು ಮಾಡುತ್ತವೆ. ಕೆಳಗೆ ಲೋಹದ ಮೈ ಧನವಾಗಿ ಉಳಿಯುತ್ತದೆ. ಮೇಲೊಂದು ಋಣ ಹಾಳೆ, ಕೆಳಗೊಂದು ಧನ ಹಾಳೆ, ನಡುವೆ 1 ನ್ಯಾನೋಮೀಟರ್. ಎರಡರ ನಡುವಿನ ವೋಲ್ಟೇಜು ಸುಮಾರು 1 ವೋಲ್ಟ್.

1 ವೋಲ್ಟ್ ಏನು ಮಹಾ ಅನಿಸಬಹುದು. ಕೈಗಡಿಯಾರದ ಬ್ಯಾಟರಿಯಲ್ಲಿ ಅದಕ್ಕಿಂತ ಜಾಸ್ತಿ ಇದೆ. ಆದರೆ ಅದು ಹರಡಿರುವ ದೂರ ನೋಡಿ. 1 ನ್ಯಾನೋಮೀಟರಿಗೆ 1 ವೋಲ್ಟ್ ಎಂದರೆ ಮೀಟರಿಗೆ 100 ಕೋಟಿ ವೋಲ್ಟ್. ಗಾಳಿ ಸಿಡಿದು ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಅದರ 300 ಪಟ್ಟಿಗೂ ಜಾಸ್ತಿ ಜಗ್ಗಾಟ ಈ ಪೊರೆಯೊಳಗೆ ನಡೆಯುತ್ತಿದೆ. ಅಂಥ ಎಳೆತಕ್ಕೆ ಲೋಹದ ಅಯಾನುಗಳು ತಮ್ಮ ಜಾಗ ಬಿಟ್ಟು ಎದ್ದು ಆಕ್ಸೈಡಿನ ಮೂಲಕ ಮೇಲೆ ಬರುತ್ತವೆ. ಬಂದು ಆಕ್ಸಿಜನ್ ಜೊತೆ ಸೇರಿ ಹೊಸ ಆಕ್ಸೈಡ್ ಆಗುತ್ತವೆ. ಶಾಖದ ಸಹಾಯ ಬೇಕಾಗಿಲ್ಲ. ಅದಕ್ಕೇ ಕೋಣೆಯ ತಾಪದಲ್ಲೂ ಬೆಳವಣಿಗೆ ಅಷ್ಟು ವೇಗ.

ಪೊರೆ 2 ನ್ಯಾನೋಮೀಟರ್ ಆದರೆ? ವೋಲ್ಟೇಜು ಅಷ್ಟೇ, ದೂರ ಎರಡು ಪಟ್ಟು. ಎಳೆತ ಅರ್ಧಕ್ಕೆ ಇಳಿಯಿತು. ಬೆಳೆಯುವ ವೇಗ ಮಾತ್ರ ಅರ್ಧಕ್ಕೆ ನಿಲ್ಲುವುದಿಲ್ಲ, ಪಾತಾಳಕ್ಕೆ ಬೀಳುತ್ತದೆ. ಅಯಾನು ಜಿಗಿಯಬೇಕಾದ ತಡೆಯನ್ನು ಈ ಎಳೆತ ಎಷ್ಟು ತಗ್ಗಿಸುತ್ತದೆ ಎನ್ನುವುದು ಘಾತಾಂಕದೊಳಗೆ ಕೂತಿದೆ. ಎಳೆತ ಸ್ವಲ್ಪ ಕಡಿಮೆಯಾದರೂ ಜಿಗಿತಗಳ ಸಂಖ್ಯೆ ಸಾವಿರ ಪಟ್ಟು, ಲಕ್ಷ ಪಟ್ಟು ಕಡಿಮೆಯಾಗಬಹುದು. 3 ನ್ಯಾನೋಮೀಟರ್ ದಾಟುವಷ್ಟರಲ್ಲಿ ಒಂದೇ ಒಂದು ಸಾಲು ಪರಮಾಣು ಸೇರಲು ದಿನಗಳು, ಆಮೇಲೆ ವರ್ಷಗಳು ಬೇಕು. ಅಂದರೆ ಬೆಳವಣಿಗೆ ಪೂರ್ತಿ ನಿಂತಿರುವುದಿಲ್ಲ. ನಮ್ಮ ಆಯಸ್ಸಿನಲ್ಲಿ ಮುಗಿಯದಷ್ಟು ನಿಧಾನವಾಗಿರುತ್ತದೆ.

ಈ ವಾದ ಸರಿಯೇ ಎಂದು ಪರೀಕ್ಷಿಸುವ ಸುಲಭ ದಾರಿ ಒಂದಿದೆ. ಎಳೆತ ಕಡಿಮೆಯಾಗಿ ಬೆಳವಣಿಗೆ ನಿಂತಿದ್ದರೆ, ಹೊರಗಿನಿಂದ ನಾವೇ ವೋಲ್ಟೇಜು ಕೊಟ್ಟರೆ ಮತ್ತೆ ಬೆಳೆಯಬೇಕು ತಾನೇ? ಬೆಳೆಯುತ್ತದೆ. ಅನೋಡೈಸಿಂಗ್ ಎಂದರೆ ಅದೇ. ತಕ್ಕ ದ್ರಾವಣದಲ್ಲಿ ಅಲ್ಯೂಮಿನಿಯಂ ಇಟ್ಟು ವೋಲ್ಟೇಜು ಏರಿಸಿದರೆ, ಪ್ರತಿ ವೋಲ್ಟಿಗೆ ಸುಮಾರು 1.3 ನ್ಯಾನೋಮೀಟರ್ ಬಿಗಿ ಪದರ ಸೇರುತ್ತದೆ. 10 ವೋಲ್ಟಿಗೆ 13, 100 ವೋಲ್ಟಿಗೆ 130. ಈಗ ಹಿಂದಕ್ಕೆ ಲೆಕ್ಕ ಹಾಕಿ. ಗಾಳಿಯಲ್ಲಿ ತಾನೇ ಹುಟ್ಟುವ ಒಂದೆರಡು ವೋಲ್ಟಿಗೆ ಎಷ್ಟು ದಪ್ಪ ಬರಬೇಕು? ಎರಡು ಮೂರು ನ್ಯಾನೋಮೀಟರ್. ಗೆರೆಯಲ್ಲಿ ನಾವು ನೋಡಿದ್ದೂ ಅಷ್ಟೇ. ಈ ಎರಡು ಅಂಕಿ ಕೂಡಿಬಂದದ್ದನ್ನು ಮೊದಲ ಸಲ ಕಾಗದದ ಮೇಲೆ ನೋಡಿದಾಗ ನನಗೆ ಆದ ಸಂತೋಷ ಈಗಲೂ ಹಾಗೇ ಇದೆ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಬಣ್ಣದ ವಿಷಯ ಹೇಳದೆ ಇರಲಾರೆ. ಟೈಟಾನಿಯಂ ತುಂಡನ್ನು ಹೀಗೆ ಅನೋಡೈಸ್ ಮಾಡುತ್ತಾ ವೋಲ್ಟೇಜು ಏರಿಸಿದರೆ ಅದು ಹೊಂಬಣ್ಣ, ನೇರಳೆ, ನೀಲಿ ಎಂದು ಬದಲಾಗುತ್ತಾ ಹೋಗುತ್ತದೆ. ಯಾವ ಬಣ್ಣವನ್ನೂ ಹಚ್ಚಿಲ್ಲ. ಪೊರೆಯ ಮೇಲ್ಗಡೆಯಿಂದ ಒಂದಷ್ಟು ಬೆಳಕು ಮರಳುತ್ತದೆ, ಕೆಳಗಡೆಯಿಂದ ಒಂದಷ್ಟು. ಎರಡೂ ಸೇರಿದಾಗ ಕೆಲವು ಬಣ್ಣ ಅಳಿಯುತ್ತವೆ, ಕೆಲವು ಉಳಿಯುತ್ತವೆ. ಉಕ್ಕನ್ನು ಹದ ಮಾಡುವವರು ಇದನ್ನು ಕಣ್ಣಳತೆಯಲ್ಲೇ ಬಳಸುತ್ತಾ ಬಂದಿದ್ದಾರೆ. ಉಕ್ಕು 220-230 ಡಿಗ್ರಿ ಸೆಲ್ಸಿಯಸ್ ಹತ್ತಿರ ತಿಳಿ ಹಳದಿಗೆ ತಿರುಗುತ್ತದೆ, 300 ಡಿಗ್ರಿ ಹತ್ತಿರ ನೀಲಿಗೆ. ಅವರು ತಾಪ ಓದುತ್ತಿದ್ದರು. ನಿಜಕ್ಕೂ ಓದುತ್ತಿದ್ದದ್ದು ಪೊರೆಯ ದಪ್ಪವನ್ನು. ಬಿಸಿಯಲ್ಲಿ ನಿಯಮವೂ ಬೇರೆ. ಅಲ್ಲಿ ಅಯಾನುಗಳು ಶಾಖದ ಬಲದಿಂದಲೇ ಓಡಾಡುತ್ತವೆ. ದಪ್ಪ ಎರಡು ಪಟ್ಟಾಗಲು ಒಟ್ಟು ನಾಲ್ಕು ಪಟ್ಟು ಸಮಯ ಬೇಕು. ಟಮ್ಮನ್ 1920ರಲ್ಲಿ ಈ ನಿಯಮ ಬರೆದರು. ವಾಗ್ನರ್ 1933ರಲ್ಲಿ ಅದರ ಕಾರಣ ಬಿಡಿಸಿದರು.

ಇಲ್ಲಿಯವರೆಗೆ ದಪ್ಪದ ಮಾತಾಯಿತು. ಒಳಗೆ ಪರಮಾಣುಗಳು ಹೇಗೆ ಕೂತಿವೆ? ಇದನ್ನು ನೋಡಬೇಕಾದರೆ ಮೊದಲು ಆಕ್ಸೈಡೇ ಇಲ್ಲದ ಲೋಹ ಬೇಕು. ಅದು ಸಿಗುವುದೇ ಕಷ್ಟ. ಒಂದು ಅಂದಾಜು ಹೇಳುತ್ತೇನೆ. ಗಾಳಿಯ ಒತ್ತಡವನ್ನು 76 ಕೋಟಿಯಲ್ಲಿ ಒಂದು ಭಾಗಕ್ಕೆ ಇಳಿಸಿದರೂ, ಲೋಹದ ಮೈಗೆ ಒಂದು ಸೆಕೆಂಡಿನಲ್ಲಿ ಅದನ್ನು ಪೂರ್ತಿ ಮುಚ್ಚುವಷ್ಟು ಅಣುಗಳು ಬಡಿಯುತ್ತವೆ. ಸಾಮಾನ್ಯ ಗಾಳಿಯಲ್ಲಾದರೆ ಸೆಕೆಂಡಿನ 100 ಕೋಟಿಯಲ್ಲಿ ಒಂದು ಭಾಗ ಸಾಕು. ಶುದ್ಧ ಲೋಹವನ್ನು ಎರಡು ಮೂರು ಗಂಟೆ ಶುದ್ಧವಾಗಿ ಇಟ್ಟುಕೊಳ್ಳಬೇಕೆಂದರೆ ಒತ್ತಡವನ್ನು ಇನ್ನೂ 10,000 ಪಟ್ಟು ಇಳಿಸಬೇಕು. ಅದಕ್ಕೇ ಸ್ಟೀಲಿನ ಕೋಣೆ, ಪಂಪುಗಳ ಸಾಲು. ಕೋಣೆಯ ಗೋಡೆಗೆ ಅಂಟಿದ ನೀರು ಹೋಗಲಿ ಎಂದು ಇಡೀ ಯಂತ್ರವನ್ನೇ ಒಂದೆರಡು ದಿನ ಬಿಸಿ ಮಾಡಿ ಕಾಯಿಸುತ್ತೇವೆ. ಈ ಕೆಲಸದಲ್ಲಿ ಅರ್ಧ ಆಯಸ್ಸು ಕಾಯುವುದರಲ್ಲೇ ಹೋಗುತ್ತದೆ. ಕಾದದ್ದಕ್ಕೆ ನನಗೆ ಬೇಜಾರಿಲ್ಲ.

ನೋಡುವ ಸಾಧನಗಳಲ್ಲಿ ಒಂದರ ಹುಟ್ಟಿನಲ್ಲೇ ಆಕ್ಸೈಡ್ ಪೊರೆಯ ಪಾತ್ರ ಇದೆ. 1925ರಲ್ಲಿ ಅಮೆರಿಕದಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಮೇಲೆ ಎಲೆಕ್ಟ್ರಾನುಗಳನ್ನು ಬಿಟ್ಟು ಪ್ರಯೋಗ ಮಾಡುತ್ತಿದ್ದರು. ದ್ರವ ಗಾಳಿಯ ಬಾಟಲಿ ಸಿಡಿದು ನಿರ್ವಾತದ ಕೊಳವೆ ಒಡೆಯಿತು. ಬಿಸಿಯಾಗಿದ್ದ ನಿಕ್ಕಲಿಗೆ ಗಾಳಿ ತಾಗಿ ದಪ್ಪ ಆಕ್ಸೈಡ್ ಕಟ್ಟಿತು. ಅದನ್ನು ತೆಗೆಯಲು ಹೈಡ್ರೋಜನ್ನಿನಲ್ಲೂ ನಿರ್ವಾತದಲ್ಲೂ ತುಂಬಾ ಹೊತ್ತು ಕಾಯಿಸಿದರು. ಆ ಕಾಯಿಸುವಿಕೆಯಲ್ಲಿ ನಿಕ್ಕಲಿನ ಸಣ್ಣ ಸಣ್ಣ ಹರಳುಗಳು ಕೂಡಿ ಕೆಲವೇ ದೊಡ್ಡ ಹರಳುಗಳಾದವು. ಮತ್ತೆ ಪ್ರಯೋಗ ಮಾಡಿದರೆ ಎಲೆಕ್ಟ್ರಾನುಗಳು ಮರಳುವ ರೀತಿಯೇ ಬದಲಾಗಿತ್ತು. 1927ರ ಹೊತ್ತಿಗೆ ಅರ್ಥವಾಯಿತು: ಎಲೆಕ್ಟ್ರಾನು ಅಲೆಯಂತೆ ವರ್ತಿಸುತ್ತಿದೆ. ಅದೇ ವಿಧಾನ ಇವತ್ತು ನಮಗೆ ಮೇಲ್ಮೈಯ ಹರಳಿನ ನಕ್ಷೆ ಕೊಡುತ್ತದೆ. ಹಸಿರು ಪರದೆಯ ಮೇಲೆ ಚುಕ್ಕೆಗಳು ಮೂಡುತ್ತವೆ. ಚುಕ್ಕೆಗಳ ಜಾಗದಿಂದ ಪರಮಾಣುಗಳ ಸಾಲಿನ ಅಂತರ ಓದಬಹುದು. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಕಟ್ಟಿದ ಸುರಂಗ ಸೂಕ್ಷ್ಮದರ್ಶಕ ಬಂದ ಮೇಲೆ ಪರಮಾಣುಗಳನ್ನೇ ಒಂದೊಂದಾಗಿ ನೋಡುವಂತಾಯಿತು. ಅದರಲ್ಲೂ ಕೆಲಸ ಮಾಡುವುದು ಅದೇ ಸುರಂಗ ದಾಟುವ ಎಲೆಕ್ಟ್ರಾನು.

ತೆಳು ಪೊರೆಯನ್ನು ಹೀಗೆ ನೋಡಲು ಸಾಧ್ಯವಾಗುವುದಕ್ಕೂ ಒಂದು ಕಾರಣ ಇದೆ. ದಪ್ಪ ಆಕ್ಸೈಡಿನ ಮೇಲೆ ಎಲೆಕ್ಟ್ರಾನ್ ಬಿಟ್ಟರೆ ಅದು ಅಲ್ಲೇ ಸೇರಿಕೊಂಡು ಚಿತ್ರ ಕೆಡುತ್ತದೆ. ಹರಿದುಹೋಗಲು ದಾರಿಯೇ ಇಲ್ಲ. ಪೊರೆ ತೆಳುವಾಗಿದ್ದು ಕೆಳಗೆ ಲೋಹ ಇದ್ದರೆ ಎಲೆಕ್ಟ್ರಾನುಗಳು ಕೆಳಗಿಳಿದು ಹೋಗುತ್ತವೆ. ಹಾಗಾಗಿ ಎಷ್ಟೋ ಜನ ಈ ಪೊರೆಗಳನ್ನು ಬೆಳೆಸಲು ಶುರು ಮಾಡಿದ್ದು, ದಪ್ಪ ಆಕ್ಸೈಡಿನ ಬದಲಿಗೆ ಒಂದು ಅನುಕೂಲದ ಮಾದರಿ ಸಿಗಲಿ ಎಂದು. ಪೊರೆ ಎಂದರೆ ದಪ್ಪ ಆಕ್ಸೈಡಿನಿಂದ ಸೀಳಿ ತೆಗೆದ ತೆಳು ಹೋಳು ಎಂಬ ನಂಬಿಕೆ ಅದರ ಹಿಂದಿತ್ತು. ಆ ನಂಬಿಕೆ ತಪ್ಪು ಎಂದು ತೋರಿಸುವುದೇ ನನ್ನ ಉಳಿದ ಮಾತು.

ನಿಕ್ಕಲಿನಿಂದ ಶುರು ಮಾಡೋಣ. ಶುದ್ಧ ನಿಕ್ಕಲ್ ಹರಳಿನ ಚೌಕ ಮುಖಕ್ಕೆ ಆಕ್ಸಿಜನ್ ಬಿಟ್ಟರೆ, ಅಣು ಒಡೆದು ಒಂದೊಂದು ಪರಮಾಣು ನಾಲ್ಕು ನಿಕ್ಕಲ್ ನಡುವಿನ ಗುಳಿಯಲ್ಲಿ ಕೂರುತ್ತದೆ. ಮೊದಲು ನಾಲ್ಕು ಗುಳಿಗೆ ಒಂದು ತುಂಬುತ್ತದೆ, ಆಮೇಲೆ ಎರಡಕ್ಕೆ ಒಂದು. ಅಲ್ಲಿ ಬೆಳವಣಿಗೆ ತಡೆದು ನಿಲ್ಲುತ್ತದೆ. ಇದು ಇನ್ನೂ ಆಕ್ಸೈಡ್ ಆಗಿಲ್ಲ, ಮೇಲೆ ಕೂತ ಆಕ್ಸಿಜನ್ ಮಾತ್ರ. ಇನ್ನಷ್ಟು ಆಕ್ಸಿಜನ್ ಕೊಟ್ಟರೆ ಅಲ್ಲಲ್ಲಿ ಆಕ್ಸೈಡಿನ ಪುಟ್ಟ ದ್ವೀಪಗಳು ಹುಟ್ಟುತ್ತವೆ. ಅವು ಮೇಲಕ್ಕೆ ಬೆಳೆಯದೆ ಅಡ್ಡಡ್ಡ ಹರಡುತ್ತವೆ. ಒಂದಕ್ಕೊಂದು ತಾಗಿ ಇಡೀ ಮೈ ಮುಚ್ಚುವ ಹೊತ್ತಿಗೆ ದಪ್ಪ ಸುಮಾರು ಮೂರು ಪದರ. ಮತ್ತೆ ನಿಲುಗಡೆ. ಹೋಲೋವೇ ಮತ್ತು ಹಡ್ಸನ್ 1974ರಲ್ಲಿ ಈ ಮೂರು ಹಂತಗಳನ್ನು ಬಿಡಿಸಿ ತೋರಿಸಿದರು. ಕಬ್ರೇರಾ-ಮಾಟ್ ವಾದ ಶುರುವಾಗುವುದೇ ಇದೆಲ್ಲ ಮುಗಿದ ಮೇಲೆ. ಅವರ ಸಮೀಕರಣದಲ್ಲಿ ಪೊರೆ ಮೊದಲೇ ಇರುತ್ತದೆ. ಅದು ಹುಟ್ಟುವ ಕಥೆ ಬೇರೆ.

ತಾಮ್ರದಲ್ಲಿ ಇನ್ನೊಂದು ಅಚ್ಚರಿ. ಆಕ್ಸಿಜನ್ ಬಂದಾಗ ಲೋಹ ಸುಮ್ನೆ ಕೂತು ಜಾಗ ಕೊಡುತ್ತದೆ ಎಂದುಕೊಂಡಿದ್ದೆವು. ತಾಮ್ರದ ಒಂದು ಮುಖದ ಮೇಲೆ ಸೂಕ್ಷ್ಮದರ್ಶಕ ಇಟ್ಟು ನೋಡಿದರೆ ತಾಮ್ರದ ಪರಮಾಣುಗಳೇ ಮೆಟ್ಟಿಲ ಅಂಚಿನಿಂದ ಕಳಚಿ ಬಯಲಿಗೆ ಓಡಿಬರುತ್ತವೆ. ಆಕ್ಸಿಜನ್ ಜೊತೆ ಕೈ ಹಿಡಿದು ತಾಮ್ರ-ಆಕ್ಸಿಜನ್-ತಾಮ್ರ-ಆಕ್ಸಿಜನ್ ಎಂದು ಉದ್ದ ಸರಪಳಿ ಕಟ್ಟುತ್ತವೆ. ಲೋಹ ಬಂದವರನ್ನು ಎದುರುಗೊಳ್ಳಲು ಎದ್ದು ಬಂದ ಹಾಗೆ.

ಈಗ ನನಗೆ ತೀರಾ ಹತ್ತಿರವಾದ ಪೊರೆಗೆ ಬರುತ್ತೇನೆ. ಅಲ್ಯೂಮಿನಿಯಂ ಮೇಲಿನ ಪೊರೆಗೆ ಹರಳಿನ ಕ್ರಮ ಇಲ್ಲ. ಗಾಜಿನ ಹಾಗೆ ಅಡ್ಡಾದಿಡ್ಡಿ. ಬಿಸಿ ಮಾಡಿ ಕ್ರಮಕ್ಕೆ ತರೋಣವೆಂದರೆ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಅದಕ್ಕೊಂದು ಉಪಾಯ ಇದೆ. ನಿಕ್ಕಲ್ ಮತ್ತು ಅಲ್ಯೂಮಿನಿಯಂ ಸಮಪಾಲಿನಲ್ಲಿ ಸೇರಿದ ಮಿಶ್ರಲೋಹ ತೆಗೆದುಕೊಳ್ಳುವುದು. ಅದು ಕರಗುವುದು 1600 ಡಿಗ್ರಿ ದಾಟಿದ ಮೇಲೆ. ಆಕ್ಸಿಜನ್ ಕೊಟ್ಟರೆ ಅಲ್ಯೂಮಿನಿಯಂ ಮಾತ್ರ ಮೇಲೆ ಬಂದು ಆಕ್ಸೈಡ್ ಆಗುತ್ತದೆ, ನಿಕ್ಕಲ್ ಕೆಳಗೇ ಉಳಿಯುತ್ತದೆ. ಸುಮಾರು 280 ಡಿಗ್ರಿಯಲ್ಲಿ ಆಕ್ಸಿಜನ್ ಕೊಟ್ಟು, ಆಮೇಲೆ ನಿರ್ವಾತದಲ್ಲಿ 800 ಡಿಗ್ರಿ ದಾಟಿಸಿ ಕಾಯಿಸಿದರೆ ಅಚ್ಚುಕಟ್ಟಾದ ಹರಳಿನ ಪೊರೆ ಸಿಗುತ್ತದೆ. ದಪ್ಪ ಅರ್ಧ ನ್ಯಾನೋಮೀಟರ್. ಎರಡು ಪದರ ಅಲ್ಯೂಮಿನಿಯಂ, ಎರಡು ಪದರ ಆಕ್ಸಿಜನ್. ಎಷ್ಟು ಸಲ ಮಾಡಿದರೂ ಅಷ್ಟೇ ದಪ್ಪ.

ಮೊದಲ ಸಲ ನಾನು ಇದನ್ನು ಬೆಳೆಸಿದ ರಾತ್ರಿ ನೆನಪಿದೆ. ಮಾದರಿ ತಣ್ಣಗಾಗುತ್ತಿತ್ತು. ಕೋಣೆಯ ದೀಪ ಆರಿಸಿ ಹಸಿರು ಪರದೆಯನ್ನೇ ನೋಡುತ್ತಿದ್ದೆ. ಮೊದಲು ಮಿಶ್ರಲೋಹದ ನಾಲ್ಕಾರು ಚುಕ್ಕೆ ಮಾತ್ರ ಇದ್ದವು. ಆಮೇಲೆ ಅವುಗಳ ನಡುವೆ ಸಣ್ಣ ಚುಕ್ಕೆಗಳು ಗುಂಪು ಗುಂಪಾಗಿ ಮೂಡಿದವು. ಎಣಿಸಿ ಮುಗಿಯದಷ್ಟು. ಪೊರೆಯ ಹರಳು ಕೆಳಗಿನ ಹರಳಿನ ಸಾಲಿನಿಂದ ಒಂದು ಬದಿಗೆ 24 ಡಿಗ್ರಿ ವಾಲಿರುತ್ತದೆ, ಪಕ್ಕದ ತುಣುಕಿನಲ್ಲಿ ಇನ್ನೊಂದು ಬದಿಗೆ 24 ಡಿಗ್ರಿ. ಎರಡರ ಚುಕ್ಕೆಗಳೂ ಒಟ್ಟಿಗೆ ಕಾಣುವುದರಿಂದ ಅಷ್ಟೊಂದು ಜಾಸ್ತಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜರ್ಮನಿಯ ಬೋಖುಂನಲ್ಲಿ ಫ್ರಾಯಂಡ್ ಅವರ ಗುಂಪು 1991ರಲ್ಲಿ ಈ ಪೊರೆಯನ್ನು ವಿವರವಾಗಿ ವರ್ಣಿಸಿತ್ತು. ಪ್ರಪಂಚದಲ್ಲಿ ಎಷ್ಟೋ ಪ್ರಯೋಗಾಲಯಗಳು ಅದರ ಮೇಲೆ ಕೆಲಸ ಮಾಡಿದವು. ಪರಮಾಣುಗಳ ಜಾಗ ಮಾತ್ರ ಗೊತ್ತಾಗಲಿಲ್ಲ. ಗೊತ್ತಿರುವ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಹರಳುಗಳಲ್ಲಿ ಒಂದನ್ನು ತೆಗೆದು ತೆಳುವಾಗಿ ಕತ್ತರಿಸಿ ಹೊಂದಿಸಲು ಎಲ್ಲರೂ ನೋಡಿದರು. ಹೊಂದಲೇ ಇಲ್ಲ. 2005ರಲ್ಲಿ ವಿಯೆನ್ನಾದ ಕ್ರೆಸ್ಸೆ, ಶ್ಮಿಡ್, ವಾರ್ಗಾ ಮತ್ತು ಜೊತೆಗಾರರು ಸೂಕ್ಷ್ಮದರ್ಶಕದ ಚಿತ್ರಗಳನ್ನೂ ಕ್ವಾಂಟಂ ಲೆಕ್ಕವನ್ನೂ ಕೂಡಿಸಿ ಉತ್ತರ ಕೊಟ್ಟರು. ಹೊಂದದೇ ಇದ್ದದ್ದಕ್ಕೆ ಕಾರಣ ಸರಳವಾಗಿತ್ತು: ಇದು ಗೊತ್ತಿದ್ದ ಯಾವ ಅಲ್ಯೂಮಿನಾವೂ ಅಲ್ಲ. ಎಲ್ಲ ಪುಸ್ತಕಗಳಲ್ಲಿ ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್ ಎಂದಿದೆ, ಅಂದರೆ ಹತ್ತಕ್ಕೆ ಹದಿನೈದು. ಈ ಪೊರೆಯಲ್ಲಿ ಹತ್ತಕ್ಕೆ ಹದಿಮೂರು. ಕೊರಂಡಂ ಎಂಬ ದಪ್ಪ ಅಲ್ಯೂಮಿನಾ ಹರಳಿನಲ್ಲಿ ಪ್ರತಿ ಅಲ್ಯೂಮಿನಿಯಂ ಸುತ್ತ ಆರು ಆಕ್ಸಿಜನ್ ಇರುತ್ತವೆ. ಇಲ್ಲಿ ಮೇಲಿನ ಸಾಲಿನ ಅಲ್ಯೂಮಿನಿಯಂಗಳ ಸುತ್ತ ನಾಲ್ಕೋ ಐದೋ.

ಕಡಿಮೆ ಬಿದ್ದ ಆಕ್ಸಿಜನ್ನಿನ ಲೆಕ್ಕ ತುಂಬಿದವರು ಯಾರು? ಕೆಳಗಿನ ಲೋಹ. ಪೊರೆಯ ತಳದ ಅಲ್ಯೂಮಿನಿಯಂಗಳು ಒಂದು ಕೈಯಿಂದ ಮೇಲಿನ ಆಕ್ಸಿಜನ್ ಹಿಡಿದಿವೆ, ಇನ್ನೊಂದು ಕೈಯಿಂದ ಕೆಳಗಿನ ಮಿಶ್ರಲೋಹ. ಲೋಹವನ್ನು ತೆಗೆದುಬಿಟ್ಟರೆ ಈ ಪೊರೆಗೆ ಅಸ್ತಿತ್ವವೇ ಇಲ್ಲ. ಇಷ್ಟು ತೆಳು ವಸ್ತುವಿನಲ್ಲಿ ಒಳಗಿನ ಹೊಟ್ಟೆ ಎನ್ನುವುದು ಬಹಳ ಕಡಿಮೆ, ಎಲ್ಲವೂ ಅಂಚೇ. ಹೊರಮೈಗೂ ತಳಕ್ಕೂ ಯಾವ ಜೋಡಣೆ ಅಗ್ಗವೋ, ಅಂದರೆ ಯಾವುದಕ್ಕೆ ಶಕ್ತಿ ಕಡಿಮೆ ಸಾಕೋ, ಅದೇ ಗೆಲ್ಲುತ್ತದೆ. ಅಲ್ಯೂಮಿನಿಯಂ ಮೇಲೆ ಗಾಜಿನಂಥ ಪೊರೆ ಕಟ್ಟುವುದಕ್ಕೂ ಇದೇ ಕಾರಣ. ದಪ್ಪ ಅಲ್ಯೂಮಿನಾಗೆ ಹರಳಾಗುವುದೇ ಲಾಭ. ಒಂದೆರಡು ನ್ಯಾನೋಮೀಟರಿನ ಪೊರೆಗೆ ಅಡ್ಡಾದಿಡ್ಡಿಯಾಗಿ, ಆದರೆ ತಳಕ್ಕೆ ಚೆನ್ನಾಗಿ ಹೊಂದಿಕೊಂಡು ಇರುವುದೇ ಲಾಭ.

ಬೆಳ್ಳಿಯ ಮೇಲೂ ಹೀಗೇ ಆಯಿತು. ಬೆಳ್ಳಿಯ ಒಂದು ಮುಖದ ಮೇಲೆ ಆಕ್ಸಿಜನ್ ಕಟ್ಟುವ ಪದರ ದಪ್ಪ ಬೆಳ್ಳಿ ಆಕ್ಸೈಡಿನ ತೆಳು ಹೋಳು ಎಂದೇ ಸುಮಾರು 30 ವರ್ಷ ನಂಬಲಾಗಿತ್ತು. 2006ರಲ್ಲಿ ಎರಡು ಗುಂಪುಗಳು ಅದನ್ನು ತಿದ್ದಿದವು. ಅಲ್ಲಿ ಆರಾರು ಬೆಳ್ಳಿ ಪರಮಾಣುಗಳ ತ್ರಿಕೋನಗಳು, ಅವುಗಳ ನಡುವಿನ ಓಣಿಗಳಲ್ಲಿ ಆಕ್ಸಿಜನ್.

ಪ್ಲಾಟಿನಂ ಮೇಲಿನ ಕಬ್ಬಿಣದ ಆಕ್ಸೈಡ್ ಇನ್ನೂ ಚೆಂದ. ಎರಡು ಬಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ್ದೀರಾ? ಕಣ್ಣುಗಳ ಅಳತೆ ಸ್ವಲ್ಪವೇ ಬೇರೆ ಇದ್ದರೆ, ಎರಡರಲ್ಲೂ ಇಲ್ಲದ ದೊಡ್ಡ ಅಲೆಯಂಥ ಚಿತ್ತಾರ ಕಾಣುತ್ತದೆ. ಮೋಯರೆ ಎನ್ನುತ್ತಾರೆ. ಪ್ಲಾಟಿನಂ ಮೈಯಲ್ಲಿ ಪರಮಾಣುಗಳ ಅಂತರ 0.277 ನ್ಯಾನೋಮೀಟರ್, ಮೇಲಿನ ಪೊರೆಯಲ್ಲಿ ಸುಮಾರು 0.31. ಒಂಬತ್ತು ಪ್ಲಾಟಿನಂ ಹೆಜ್ಜೆಗೆ ಎಂಟು ಕಬ್ಬಿಣದ ಹೆಜ್ಜೆ: 9 ಸಲ 0.277 ಎಂದರೆ 2.49, 8 ಸಲ 0.31 ಎಂದರೆ 2.48. ಹಾಗಾಗಿ ಸುಮಾರು 2.5 ನ್ಯಾನೋಮೀಟರಿಗೊಮ್ಮೆ ಚಿತ್ತಾರ ಮರುಕಳಿಸುತ್ತದೆ. ಈ ಪೊರೆಯಲ್ಲಿ ಕಬ್ಬಿಣದ ಒಂದು ಹಾಳೆ, ಆಕ್ಸಿಜನ್ನಿನ ಒಂದು ಹಾಳೆ, ಅಷ್ಟೇ. ದಪ್ಪ ಆಕ್ಸೈಡಿನಲ್ಲಿ ಈ ಹಾಳೆಗಳ ನಡುವೆ 0.125 ನ್ಯಾನೋಮೀಟರ್ ಇರುತ್ತದೆ. ಇಲ್ಲಿ ಸುಮಾರು 0.07ಕ್ಕೆ ಕುಗ್ಗಿದೆ. ಒಂದು ಹಾಳೆ ಧನ, ಇನ್ನೊಂದು ಋಣ. ಅವುಗಳ ನಡುವಿನ ಜಗ್ಗಾಟವನ್ನು ಹೀಗೆ ಚಪ್ಪಟೆಯಾಗಿಯೇ ತಗ್ಗಿಸಿಕೊಳ್ಳಬೇಕು.

ಇದೇ ಪೊರೆಯನ್ನು ಸ್ವಲ್ಪ ಜಾಸ್ತಿ ಆಕ್ಸಿಜನ್ನಿನಲ್ಲಿ ಬಿಸಿ ಮಾಡಿದರೆ ಇನ್ನೊಂದು ಆಕ್ಸಿಜನ್ ಹಾಳೆ ಒಳಗೆ ಸೇರಿಕೊಳ್ಳುತ್ತದೆ. ಆಕ್ಸಿಜನ್-ಕಬ್ಬಿಣ-ಆಕ್ಸಿಜನ್. ಈಗ ಅದು ಕಾರ್ಬನ್ ಮಾನಾಕ್ಸೈಡನ್ನು ಸುಡುವ ಕೆಲಸದಲ್ಲಿ ಬರೀ ಪ್ಲಾಟಿನಂಗಿಂತ ಚುರುಕಾಗುತ್ತದೆ. ಅದೂ ಸುಮಾರು 180 ಡಿಗ್ರಿ ತಾಪದಲ್ಲೇ. ಕಬ್ಬಿಣದ ಆಕ್ಸೈಡ್ ಪೊರೆ ಪ್ಲಾಟಿನಂನ ಚುರುಕನ್ನು ಮುಚ್ಚಿಹಾಕುತ್ತದೆ ಎಂದೇ ಎಲ್ಲರೂ ನಂಬಿದ್ದರು. ಪೊರೆಯೇ ಕೆಲಸಗಾರ ಎಂದು ಗೊತ್ತಾದದ್ದು ದೊಡ್ಡ ತಿರುವು. ರುಥೀನಿಯಂ ಕಥೆಯೂ ಇದೇ ಜಾತಿಯದು. ನಿರ್ವಾತದಲ್ಲಿ ಆ ಲೋಹ ಈ ಕೆಲಸಕ್ಕೆ ಬಾರದ್ದು, ಹೆಚ್ಚು ಒತ್ತಡದಲ್ಲಿ ಅತ್ಯುತ್ತಮ. 2000ದಲ್ಲಿ ಓವರ್ ಮತ್ತು ಜೊತೆಗಾರರು ಕಾರಣ ತೋರಿಸಿದರು. ಒತ್ತಡದಲ್ಲಿ ಲೋಹದ ಮೇಲೆ ಆಕ್ಸೈಡ್ ಬೆಳೆದಿರುತ್ತದೆ, ಕೆಲಸ ನಡೆಯುವುದು ಅದರ ಮೇಲೆ.

ಮೆಗ್ನೀಷಿಯಂ ಆಕ್ಸೈಡಿನ ಒಂದು ಪ್ರಯೋಗ ಹೇಳಲೇಬೇಕು. ಅದನ್ನು ಬೆಳ್ಳಿಯ ಮೇಲೆ ಬೆಳೆಸಬಹುದು, ಎರಡರ ಹರಳಿನ ಅಳತೆಯಲ್ಲಿ ವ್ಯತ್ಯಾಸ ಶೇಕಡ 3 ಮಾತ್ರ. ಆಕ್ಸಿಜನ್ನಿನಲ್ಲಿ ಮೆಗ್ನೀಷಿಯಂ ಆವಿಯನ್ನು ಬಿಟ್ಟರೆ ಪದರ ಪದರವಾಗಿ ಕೂರುತ್ತದೆ. ಮೂರು ಪದರ ಆಗುವಷ್ಟರಲ್ಲಿ ಎಲೆಕ್ಟ್ರಾನ್ ಶಕ್ತಿಯ ಅಂತರ ದಪ್ಪ ಹರಳಿನ ಹತ್ತಿರಕ್ಕೆ ಬರುತ್ತದೆ ಎಂದು 2001ರಲ್ಲಿ ಅಳೆದರು. ಅಂದರೆ ಮೂರೇ ಪದರಕ್ಕೆ ಒಳ್ಳೆಯ ಅವಾಹಕ. ಹಾಗಾದರೆ ಇದು ದಪ್ಪ ಹರಳಿನ ಹಾಗೇ ನಡೆದುಕೊಳ್ಳಬೇಕಲ್ಲ? ಅದರ ಮೇಲೆ ಒಂದು ಚಿನ್ನದ ಪರಮಾಣು ಇಡಿ. ದಪ್ಪ ಹರಳಿನ ಮೇಲೆ ಚಿನ್ನಕ್ಕೆ ಏನೂ ಆಗುವುದಿಲ್ಲ. ತೆಳು ಪೊರೆಯ ಮೇಲೆ ಅದಕ್ಕೊಂದು ಎಲೆಕ್ಟ್ರಾನು ಸಿಗುತ್ತದೆ, ಋಣ ಚಿನ್ನವಾಗುತ್ತದೆ. ಪಕ್ಕಿಯೋನಿ ಮತ್ತು ಜೊತೆಗಾರರು 2005ರಲ್ಲಿ ಇದನ್ನು ಲೆಕ್ಕದಲ್ಲಿ ಹೇಳಿದ್ದರು. 2007ರಲ್ಲಿ ಬರ್ಲಿನ್‌ನಲ್ಲಿ ಕಣ್ಣಾರೆ ಕಂಡಿತು. ಋಣ ಪರಮಾಣುಗಳು ಒಂದನ್ನೊಂದು ದೂಡುತ್ತವೆ, ಹಾಗಾಗಿ ಗುಂಪುಗೂಡದೆ ದೂರ ದೂರ ಕೂರುತ್ತವೆ.

ಆ ಎಲೆಕ್ಟ್ರಾನು ಎಲ್ಲಿಂದ ಬಂತು? ಕೆಳಗಿನ ಬೆಳ್ಳಿಯಿಂದ, ಸುರಂಗ ದಾಟಿ. 1949ರ ಕಥೆಯ ಅದೇ ಎಲೆಕ್ಟ್ರಾನು, ಅಲ್ವಾ? ಅಲ್ಲಿ ಮೇಲೆ ಆಕ್ಸಿಜನ್ ಕಾಯುತ್ತಿತ್ತು, ಇಲ್ಲಿ ಚಿನ್ನ. ಪೊರೆಯನ್ನು ಬೆಳೆಸಿದ ಕೆಲಸವೇ ಬೆಳೆದ ಪೊರೆಗೆ ಹೊಸ ಗುಣವನ್ನೂ ಕೊಡುತ್ತಿದೆ. ಆದ್ದರಿಂದ ಪೊರೆಯನ್ನೂ ಲೋಹವನ್ನೂ ಬೇರೆ ಬೇರೆ ವಸ್ತು ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಎರಡೂ ಸೇರಿ ಒಂದು ವಸ್ತು.

ನೀರಿನೊಳಗಿನ ಪೊರೆಗಳ ಬಗ್ಗೆ ಬೇಗ ಒಂದೆರಡು ಮಾತು. 1836ರಲ್ಲಿ ಫ್ಯಾರಡೆ ಒಂದು ವಿಚಿತ್ರದ ಬಗ್ಗೆ ಬರೆದರು. ತೆಳು ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ನೊರೆಗುಟ್ಟಿ ಕರಗುತ್ತದೆ, ಗಾಢ ಆಮ್ಲದಲ್ಲಿ ಏನೂ ಆಗದೆ ಇರುತ್ತದೆ. ಮೈಮೇಲೆ ಕಾಣದ ಆಕ್ಸೈಡ್ ಇರಬೇಕು ಎಂಬ ಅವರ ಊಹೆ ಸರಿ ಇತ್ತು. ಅದರ ಹರಳಿನ ರಚನೆ ಎಕ್ಸ್-ಕಿರಣದಲ್ಲಿ ಸ್ಪಷ್ಟವಾಗಿ ಓದಲು ಸಿಕ್ಕಿದ್ದು 1997ರಲ್ಲಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇಕಡ 10.5ರಷ್ಟಾದರೂ ಕ್ರೋಮಿಯಂ ಇರಬೇಕು. ಒಂದರಿಂದ ಮೂರು ನ್ಯಾನೋಮೀಟರಿನ ಕ್ರೋಮಿಯಂ ಭರಿತ ಪೊರೆಯೇ ಅದನ್ನು ಕಾಯುವುದು. ಗೀರು ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಉಪ್ಪುನೀರಿನ ಕ್ಲೋರೈಡ್ ಅಯಾನುಗಳು ಮಾತ್ರ ಅಲ್ಲಲ್ಲಿ ಅದನ್ನು ಸೀಳಿ ಸಣ್ಣ ಗುಳಿ ಕೊರೆಯುತ್ತವೆ. ಈ ಗುಳಿಗಳು ಒಂದು ದೊಡ್ಡ ವಿಷಯ, ಅದಕ್ಕೆ ಬೇರೆಯೇ ಒಂದು ದಿನ ಬೇಕು.

ಕೊನೆಗೆ ನಾನು ಈಗ ತಲೆ ಕೆಡಿಸಿಕೊಂಡಿರುವ ಪೊರೆ. ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಒಂದೆರಡು ನ್ಯಾನೋಮೀಟರಿನ ಆಕ್ಸೈಡ್ ಇಟ್ಟು ತುಂಬಾ ತಣ್ಣಗೆ ಮಾಡಿದರೆ ಜೋಸೆಫ್ಸನ್ ಜಂಕ್ಷನ್ ಆಗುತ್ತದೆ. ತಡೆಯೇ ಇಲ್ಲದೆ ವಿದ್ಯುತ್ತು ಹರಿಸುವ ಅತಿವಾಹಕ ಲೋಹಗಳಿಂದ ಕಟ್ಟಿದ ಕ್ವಾಂಟಂ ಕಂಪ್ಯೂಟರುಗಳಲ್ಲಿ ಲೆಕ್ಕದ ಮೂಲ ಘಟಕಕ್ಕೆ ಕ್ಯೂಬಿಟ್ ಎನ್ನುತ್ತಾರೆ; ಒಂದೊಂದು ಕ್ಯೂಬಿಟ್‌ನ ಹೃದಯ ಅದು. ತಯಾರಿಸುವ ರೀತಿ ನಮ್ಮ ಗೆರೆಗೆ ಆದದ್ದೇ. ಹೊಸ ಅಲ್ಯೂಮಿನಿಯಂಗೆ ಅಳತೆಯ ಆಕ್ಸಿಜನ್ ಕೊಟ್ಟು, ಪೊರೆ ತಾನೇ ಬೆಳೆದು ನಿಧಾನವಾಗಲು ಬಿಡುವುದು. ಸುರಂಗ ದಾಟುವ ವಿದ್ಯುತ್ತು ದಪ್ಪಕ್ಕೆ ಎಷ್ಟು ಸೂಕ್ಷ್ಮ ಎಂದರೆ, ಒಂದೇ ಸಾಲು ಪರಮಾಣು ಹೆಚ್ಚು ಕಡಿಮೆ ಆದರೂ ಪಕ್ಕಪಕ್ಕದ ಎರಡು ಜಂಕ್ಷನ್ ಬೇರೆ ಬೇರೆಯಾಗುತ್ತವೆ. ಮೇಲಾಗಿ ಈ ಪೊರೆ ಗಾಜಿನಂಥದ್ದು. ಅದರೊಳಗೆ ಕೆಲವು ಪರಮಾಣುಗಳಿಗೆ ಕೂರಲು ಹತ್ತಿರ ಹತ್ತಿರ ಎರಡು ಜಾಗ ಇರುತ್ತವೆ. ಅವು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಜಿಗಿಯುತ್ತಾ ಕ್ಯೂಬಿಟ್‌ನ ಶಕ್ತಿಯನ್ನು ಹೀರುತ್ತವೆ.

ನಿಕ್ಕಲ್-ಅಲ್ಯೂಮಿನಿಯಂ ಮೇಲಿನ ಪೊರೆಯಲ್ಲಿ ಪ್ರತಿ ಪರಮಾಣು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲೆ. ಈ ತಗಡಿನ ಮೇಲಿನ ಪೊರೆಯಲ್ಲಿ ಹಾಗಾಗುವುದಿಲ್ಲ, ಒಂದು ಅಲ್ಯೂಮಿನಿಯಂ ಸುತ್ತ ಸರಾಸರಿ ಎಷ್ಟು ಆಕ್ಸಿಜನ್ ಇವೆ ಎಂದಷ್ಟೇ ಹೇಳಬಹುದು. ಹರಳಿನ ಅಲ್ಯೂಮಿನಾ ಪೊರೆಯನ್ನೇ ಜಂಕ್ಷನ್ ಒಳಗೆ ಬೆಳೆಸಿದರೆ ಆ ಜಿಗಿಯುವ ಪರಮಾಣುಗಳು ಕಡಿಮೆಯಾಗುತ್ತವೆಯೇ? ಅದಕ್ಕೆ ಅಲ್ಯೂಮಿನಿಯಂ ಬಿಟ್ಟು ಹೆಚ್ಚು ತಾಪ ತಡೆಯುವ ಲೋಹವನ್ನು ತಳಕ್ಕೆ ಹಾಕಬೇಕು. ತಳ ಬದಲಾದರೆ ಪೊರೆಯೂ ಬದಲಾಗುತ್ತದೆ ಎಂದು ಈಗಷ್ಟೇ ನೋಡಿದೆವು. ನಾಳೆ ಬೆಳಿಗ್ಗೆ ನಮ್ಮ ಯಂತ್ರ ತಣ್ಣಗಾಗಿರುತ್ತದೆ. ರೀನಿಯಂ ಲೋಹದ ಮೇಲೆ ಬೆಳೆಸಿದ ಪೊರೆಯ ಚುಕ್ಕೆಗಳನ್ನು ಮೊದಲ ಸಲ ನೋಡಲಿದ್ದೇವೆ.